ಅಕ್ಕೋರ ಹಿಟ್ಟಿನ ಡಬ್ಬಿ

ಅಕ್ಕೋರು ತೀರಿಕೊಂಡ ಒಂದು ತಿಂಗಳಿಗೆ ಅವರ ಮಗಳು ನಮ್ಮ ಮನೆಗೆ ಬಂದು, ಸ್ಟೀಲಿನ ಒಂದು ಹಿಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಆಕೆ ಇಲ್ಲಿ ಅಮೆರಿಕದಲ್ಲಿ, ರಾಲಿ ನಗರದ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್, ಸದಾ ಅವಸರದಲ್ಲಿರುವವರು. "ಅವ್ವ ಇದನ್ನ ನಿಮಗ ಕೊಡು ಅಂದಿದ್ಲು. ಯಾಕಂತ ನಂಗೂ ಗೊತ್ತಿಲ್ರಿ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೊರಟರು. ನನಗೆ ಗೊತ್ತಿತ್ತು. ಡಬ್ಬಿಯ ಮುಚ್ಚಳದ ನಡುವೆ ನಾಲ್ಕು ಬೆರಳುದ್ದದ ಒಂದು ಸೀಳು ಇದೆ. ಆ ಡಬ್ಬಿಯಿಂದಾಗಿ ನಾನು ಗೆದ್ದಿದ್ದ ಒಂದು ಚುನಾವಣೆಯನ್ನು ಸೋತೆ. ಆ ಸಿಟ್ಟಿಗೆ ಅಕ್ಕೋರ ಜೊತೆ ಮೂರು ತಿಂಗಳು ಮಾತು ಬಿಟ್ಟಿದ್ದೆ.

ಅವರಿಗೊಂದು ಹೆಸರಿತ್ತು, ಆದರೆ ಅದನ್ನು ಯಾರೂ ಬಳಸಿದ್ದು ನಾನು ಕೇಳಿಲ್ಲ. ರಾಲಿಯ ಪಕ್ಕದ ನಮ್ಮ ಕ್ಯಾರಿ ಊರಿನಲ್ಲಿ ಐವತ್ತು ದಾಟಿದ ಹೆಂಗಸರೆಲ್ಲ ಆಂಟಿಯರೇ. ಮೊದಲ ಭೇಟಿಯಲ್ಲಿ ನಾನು ಹಾಗೇ ಕರೆದಾಗ ಅವರು ಹಿಂದೆ ತಿರುಗಿ ನೋಡಿ, "ಯಾರ ಆಂಟಿ? ಇಲ್ಲಿ ಯಾರೂ ಇಲ್ಲಲ್ಲ" ಎಂದರು. ಧಾರವಾಡದ ಕಡೆ ಹಳ್ಳಿಯ ಹೈಸ್ಕೂಲುಗಳಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿದವರು. ಆ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಇಲ್ಲಿಯೂ ಹಾಗೆಯೇ ಆಯಿತು. ನನ್ನ ಗಂಡನೂ, ನನ್ನ ಮಗಳೂ, ಪಕ್ಕದ ಮನೆಯ ಕೊರಿಯಾದ ಅಜ್ಜಿಯೂ ಅವರನ್ನು ಅಕ್ಕೋರು ಅಂತಲೇ ಕರೆದರು.

ಇಳಕಲ್ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್, ಮೇಲೆ ಅಳಿಯನ ಹಳೆಯ ಜಾಕೆಟ್. ಕೈಗಡಿಯಾರವನ್ನು ಮಣಿಕಟ್ಟಿನ ಒಳಭಾಗಕ್ಕೆ ತಿರುಗಿಸಿ ಕಟ್ಟುತ್ತಿದ್ದರು. ಹೊತ್ತು ನೋಡಬೇಕೆಂದರೆ ಅಂಗೈ ಮೇಲೆ ಮಾಡಿ ಕೈ ನೋಡಿಕೊಳ್ಳಬೇಕು. ಯಾರಾದರೂ ತಡವಾಗಿ ಬಂದರೆ ಒಂದು ಮಾತೂ ಆಡದೆ ಹಾಗೆ ಅಂಗೈ ನೋಡಿಕೊಳ್ಳುವರು. ಬೈಸಿಕೊಂಡಿದ್ದರೆ ವಾಸಿಯಾಗಿತ್ತು ಅನ್ನಿಸುತ್ತಿತ್ತು.

ಮಗಳ ಮನೆಗೆ ಆರು ತಿಂಗಳಿಗೆಂದು ಬಂದವರು ಕೋವಿಡ್ ಬಂದು ವಿಮಾನಗಳು ನಿಂತಾಗ ಇಲ್ಲೇ ಉಳಿದುಬಿಟ್ಟರು. ಸುಮ್ಮನೆ ಕೂರುವ ಜೀವವಲ್ಲ. ಝೂಮಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡಲು ಶುರುಮಾಡಿದರು. ಮಕ್ಕಳು ಕ್ಯಾಮೆರಾ ಮುಚ್ಚಿ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದವು. ಇವರು ಕಪ್ಪು ಚೌಕಗಳಿಗೆ ಕಾಗುಣಿತ ಕಲಿಸುತ್ತಿದ್ದರು. ಮಾಸ್ಕು ಹಾಕಿಕೊಂಡು ಹೊರಗೆ ಸೇರಬಹುದು ಎಂದಾದ ಕೂಡಲೇ ಸಮುದಾಯ ಭವನದ ಒಂದು ಕೋಣೆ ಹಿಡಿದು ಶನಿವಾರದ ಶಾಲೆ ತೆರೆದರು. "ಬಾಯಿ ಬಿಟ್ಟು ಓದ್ರಿ!" ಎಂಬ ಅವರ ದನಿ ಪಾರ್ಕಿಂಗ್ ಲಾಟಿನವರೆಗೂ ಕೇಳುತ್ತಿತ್ತು. ನನ್ನ ಮಗಳು ಇಂಚರ, ಅಂದರೆ ಬೆಂಗಳೂರಿನ ನನಗೆ ಇಲ್ಲಿ ಹುಟ್ಟಿದವಳು, ಎರಡೇ ತಿಂಗಳಲ್ಲಿ ಊಟಕ್ಕೆ ಕರೆದರೆ "ಹೌದ್ರಿ" ಅನ್ನತೊಡಗಿದಳು. ಮಿಕ್ಕಿದ್ದೆಲ್ಲ ಇಂಗ್ಲಿಷೇ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಧಾರವಾಡದ ರೀ ಅವಳಿಗೆ ಬಂತು ಅಂತ ನನ್ನ ಗಂಡ ನಕ್ಕರು.

ಪಾಠ ಮುಗಿದ ಮೇಲೆ ಅವರು ಹೇಳುತ್ತಿದ್ದ ಕತೆಗಳಲ್ಲಿ ರಾಜನೂ ಇರುತ್ತಿರಲಿಲ್ಲ, ರಾಕ್ಷಸನೂ ಇರುತ್ತಿರಲಿಲ್ಲ. ಎಲ್ಲವೂ ಮತಗಟ್ಟೆಯ ಕತೆಗಳು. ನಮ್ಮಲ್ಲಿ ಚುನಾವಣೆ ಬಂದರೆ ಸರಕಾರಿ ಟೀಚರುಗಳನ್ನು ಕೆಲಸಕ್ಕೆ ಹಾಕುತ್ತಾರಲ್ಲ, ಅಕ್ಕೋರು ಎಷ್ಟೋ ಸಲ ಪ್ರಿಸೈಡಿಂಗ್ ಆಫೀಸರ್ ಆಗಿದ್ದವರು. ಹಿಂದಿನ ದಿನವೇ ಪೆಟ್ಟಿಗೆ, ಪಟ್ಟಿ, ಅರಗು, ಶಾಯಿ ಎಲ್ಲ ಹೊತ್ತು ಬಸ್ಸಿನಲ್ಲಿ ಯಾವುದೋ ಊರಿಗೆ ಹೋಗಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಿಗ್ಗೆ ಏಜೆಂಟರ ಎದುರು ಖಾಲಿ ಪೆಟ್ಟಿಗೆ ತೋರಿಸುವುದು. ಒಮ್ಮೆ ಮಲಪ್ರಭೆಯ ದಂಡೆಯ ಊರೊಂದರಲ್ಲಿ ಮತದಾನದ ಹೊತ್ತು ಮುಗಿದ ಐದು ನಿಮಿಷಕ್ಕೆ ಊರಿನ ಗೌಡರು ಬಂದರಂತೆ.

"ನಾ ಆಗ್ಲೇ ಸಾಲಿನ್ಯಾಗ ಇದ್ದವ್ರಿಗೆಲ್ಲಾ ಚೀಟಿ ಕೊಟ್ಟಿದ್ದೆ. ಹೊತ್ತು ಮುಗೀತಂದ್ರ ಸಾಲಿನ ತುದೀಗೆ ಹೋಗ್ಬೇಕು, ಕಟ್ಟಕಡೇದವಗ ಒಂದನೇ ನಂಬರಿನ ಚೀಟಿ ಕೊಟ್ಟು ಮುಂದ ಬರ್ಬೇಕು. ಹಂಗ ಮಾಡಿದ್ರ ಆಮ್ಯಾಲ ಬಂದವ ಹಿಂದ ಸೇರ್ಕೊಳ್ಳಾಕ ಬರೂದಿಲ್ಲ. ಗೌಡ್ರು ಒದರ್ಯಾಡಿದ್ರು. ನಾಳೆ ನನ್ನ ವರ್ಗಾ ಮಾಡಿಸ್ರಿ, ಇವತ್ತ ಹೊರಗ ನಡೀರಿ ಅಂದೆ."

"ವರ್ಗ ಆಯ್ತಾ ಅಕ್ಕೋರೇ?" ಎಂದು ಕೇಳಿದೆ.

"ಆರು ತಿಂಗಳಿಗೆ ಆತು. ಹೊಸಾ ಊರು ಭಾಳ ಚಲೋ ಇತ್ತು" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ಇಂಚರಳಿಗೆ ಆಗ ಹದಿನಾಲ್ಕು. ಈ ಕತೆಗಳ ನಡುವೆ ಅವಳಿಗೊಂದು ಅನುಮಾನ ಬಂತು. "ಅಕ್ಕೋರೇ, ಬಟ್ ಹೂ ವೋಟ್ಸ್ ಫಾರ್ ದ ಪ್ರೈಮ್ ಮಿನಿಸ್ಟರ್?"

"ಯಾರೂ ಹಾಕೂದಿಲ್ಲ."

"ವಾಟ್? ದಟ್ಸ್ ಸೋ ಅನ್‌ಫೇರ್."

"ತಡೀ ಅವ್ವಾ. ನಿಮ್ಮ ಓಣಿಯವ್ರೆಲ್ಲಾ ಕೂಡಿ ಒಬ್ರನ್ನ ಆರಿಸಿ ಕಳಸ್ತೀರಿ. ಎಲ್ಲಾ ಓಣಿಯಿಂದ ಹಂಗ ಒಬ್ಬೊಬ್ರು ಬರ್ತಾರ. ಅವರೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಯಾರ ಹಿಂದ ನಿಂತಾರ, ಅವ ಪ್ರಧಾನಿ. ಅವರು ಹಿಂದ ನಿಂತಿರೂತನಕಾ ಅಷ್ಟ."

"ಆಂಡ್ ಇಫ್ ದೇ ಚೇಂಜ್ ದೇರ್ ಮೈಂಡ್?"

"ಮನೀಗೆ."

"ಎನಿ ಡೇ?"

"ಬುಧವಾರನೂ ಕಳಸ್ಬಹುದು."

ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಅಧ್ಯಕ್ಷರನ್ನು ಬದಲಿಸುವ ದೇಶದಲ್ಲಿ ಬೆಳೆದ ಮಕ್ಕಳಿಗೆ ಈ ಬುಧವಾರ ಬಹಳ ಹಿಡಿಸಿತು. ಮನೆಯಲ್ಲಿ ನಾನು ಹೋಮ್‌ವರ್ಕ್ ಮಾಡು ಅಂದಾಗಲೆಲ್ಲ ಇಂಚರ ತನ್ನ ಅಪ್ಪನ ಕಡೆ ತಿರುಗಿ, ಅಮ್ಮನಿಗೆ ಇನ್ನೂ ಬಹುಮತ ಇದೆಯೇ ಎಂದು ವಿಚಾರಿಸುತ್ತಿದ್ದಳು.

ಇನ್ನು ನಮ್ಮ ಕನ್ನಡ ಕೂಟದ ವಿಷಯ. ಅಲ್ಲಿ ಎಂದೂ ಚುನಾವಣೆ ನಡೆದಿರಲಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು, ಬಿಸಿಬೇಳೆಬಾತಿನ ವಾಸನೆ ಬರುವ ಹೊತ್ತಿಗೆ ಯಾರೋ ಮೈಕಿನಲ್ಲಿ ಮುಂದಿನ ಕಮಿಟಿಯ ಹೆಸರು ಓದುತ್ತಿದ್ದರು. ಹಸಿದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಇದಕ್ಕೆ ಸರ್ವಾನುಮತ ಎಂದು ಹೆಸರು. ಆ ವರ್ಷ ಅದು ಮುರಿದದ್ದು ಶನಿವಾರದ ಶಾಲೆಯ ಮೇಲೆ. ಅರ್ಧ ಜನ, ಝೂಮ್ ಇದೆಯಲ್ಲ, ವಾರಾಂತ್ಯ ಪೂರ್ತಿ ಮಕ್ಕಳನ್ನು ಅಲ್ಲಿ ಇಲ್ಲಿ ಡ್ರೈವ್ ಮಾಡೋದು ಯಾಕೆ, ಕೋಣೆ ಬಿಟ್ಟುಬಿಡೋಣ ಅಂದರು. ನಾನು ಎದ್ದು, ಕೋಣೆ ಬಿಟ್ಟರೆ ಕನ್ನಡವನ್ನೂ ಬಿಟ್ಟ ಹಾಗೆ ಎಂದು ಕೂಗಿದೆ. ಆ ಕಡೆಯಿಂದಲೂ ಕೂಗಿದರು. ಬಿಸಿಬೇಳೆಬಾತು ಆರುತ್ತಿತ್ತು. ಆಗ ಹಿಂದಿನ ಸಾಲಿನಿಂದ ಅಕ್ಕೋರು ಎದ್ದು ನಿಂತರು.

"ಚಪ್ಪಾಳಿ ಸಾಕ್ರಿ. ಎಣಸೂಣು" ಎಂದರು.

ಎರಡು ವಾರದಲ್ಲಿ ಪೂರ್ತಿ ಪದ್ಧತಿಯನ್ನೇ ಕಟ್ಟಿಕೊಟ್ಟರು. ಕೂಟದ ಸದಸ್ಯರನ್ನು ಐದು ಕ್ಷೇತ್ರ ಮಾಡಿದರು: ಕ್ಯಾರಿ ಪೂರ್ವ, ಕ್ಯಾರಿ ಪಶ್ಚಿಮ, ಮಾರಿಸ್‌ವಿಲ್, ಏಪೆಕ್ಸ್, ರಾಲಿ. ಹದಿನೆಂಟು ತುಂಬಿದ ಪ್ರತಿ ಸದಸ್ಯನಿಗೂ ಒಂದು ವೋಟು. ಪ್ರತಿ ಕ್ಷೇತ್ರದಿಂದ ಒಬ್ಬ ಮೆಂಬರು. ಆ ಐವರು ಸೇರಿ ತಮ್ಮೊಳಗೊಬ್ಬರನ್ನು ಅಧ್ಯಕ್ಷರಾಗಿ ಆರಿಸಬೇಕು. ಮೂವರ ಬೆಂಬಲ ಇರುವ ತನಕ ಮಾತ್ರ ಅವರು ಅಧ್ಯಕ್ಷರು. ಮತಪತ್ರ ಕನ್ನಡದಲ್ಲೇ ಇರಬೇಕು, ಕ್ಷೇತ್ರಕ್ಕೊಂದು ಬಣ್ಣ. ಪೆಟ್ಟಿಗೆಗೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬೇಡವೆಂದು, ಊರಿನಿಂದ ರೊಟ್ಟಿ ಶೇಂಗಾಚಟ್ನಿ ತುಂಬಿ ತಂದಿದ್ದ ತಮ್ಮ ಹಿಟ್ಟಿನ ಡಬ್ಬಿ ಕೊಟ್ಟರು. ಅದರ ಮುಚ್ಚಳ ಸೀಳಿದ್ದು ಮೈಸೂರಿನ ಶ್ರೀಧರ್, ತಮ್ಮ ಗ್ಯಾರೇಜಿನಲ್ಲಿ. ಕ್ಯಾರಿ ಪಶ್ಚಿಮದಲ್ಲಿ ನನ್ನ ಎದುರು ನಿಂತಿದ್ದವರೂ ಅವರೇ. ಕೋಣೆ ಬೇಡ ಅನ್ನುವ ಪಂಗಡದವರು, ಆದರೆ ಮೃದು ಮನುಷ್ಯ. ಸೀಳಿದ ಅಂಚು ಯಾರ ಕೈಗೂ ತಾಗಬಾರದೆಂದು ಮರಳು ಕಾಗದದಿಂದ ಅರ್ಧ ದಿನ ಉಜ್ಜಿದ್ದರಂತೆ.

ಉಳಿದ ನಾಲ್ಕು ಕ್ಷೇತ್ರಗಳಲ್ಲಿ ಎರಡು ಶಾಲೆಯ ಪರ, ಎರಡು ವಿರುದ್ಧ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನಮ್ಮ ಕ್ಯಾರಿ ಪಶ್ಚಿಮದ ಹಳದಿ ಚೀಟಿಯ ಮೇಲೆ ಶಾಲೆ ನಿಂತಿತ್ತು. ಅದು ಅಕ್ಕೋರದೇ ಶಾಲೆ. ಆದರೆ ಅವರು ಚುನಾವಣಾಧಿಕಾರಿ. ಆ ಎರಡು ವಾರ ಶಾಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಪ್ರಚಾರದ ಬಗ್ಗೆ ಸಲಹೆ ಕೇಳಿದರೆ ಅಂಗೈ ನೋಡಿಕೊಂಡರು.

ಚುನಾವಣೆಯ ಶನಿವಾರ ಬೆಳಿಗ್ಗೆ ಅಭ್ಯರ್ಥಿಗಳನ್ನೆಲ್ಲ ಕರೆದು ಅಣಕು ಮತದಾನ ಮಾಡಿಸಿದರು. ಕೈಗೆ ಸಿಕ್ಕ ಹಳದಿ ಕಟ್ಟಿನಿಂದ ಹತ್ತು ಚೀಟಿ ಹರಿದು, ಮಕ್ಕಳಿಂದ ಗುರುತು ಮಾಡಿಸಿ ಡಬ್ಬಿಗೆ ಹಾಕಿಸಿ, ನಮಗೆಲ್ಲ ತೋರಿಸಿ, ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು. ಚೀಟಿಗಳು ಉದುರಿದವು. "ಖಾಲಿ ಅದನೋ ಇಲ್ಲೋ, ಎಲ್ಲಾರೂ ನೋಡ್ರಿ" ಎಂದರು. ನೋಡಿದೆವು, ಸಹಿ ಹಾಕಿದೆವು. ಉದುರಿದ ಚೀಟಿಗಳನ್ನು ಅವರು ಎಣಿಸಲಿಲ್ಲ. ಏಕೆಂದರೆ ಆ ಹೊತ್ತಿಗೆ ಯಾರೋ ಬಾಗಿಲ ಬಳಿ, "ಅಕ್ಕೋರೇ, ಸಾಲು ನೋಡಿ!" ಎಂದರು.

ಕಿಟಕಿಯಿಂದ ನೋಡಿದರೆ ಪಾರ್ಕಿಂಗ್ ಲಾಟಿನ ಆಚೆಯ ತನಕ ಸಾಲು. ನಮ್ಮ ಕೂಟದ ಯಾವ ಕಾರ್ಯಕ್ರಮಕ್ಕೂ ಜನ ಅಷ್ಟು ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ, ಊಟಕ್ಕೂ. ನನಗೆ ಆಮೇಲೆ ಅರ್ಥವಾಯಿತು. ನಮ್ಮಲ್ಲಿ ಬಹಳ ಜನ ವೀಸಾದ ಮೇಲೆ ಇರುವವರು. ಇಲ್ಲಿ ವೋಟಿಲ್ಲ, ಊರಿನಲ್ಲಿ ಹಾಕಬೇಕೆಂದರೆ ಅಲ್ಲಿಗೇ ಹೋಗಬೇಕು. ನಾನು ಕೊನೆಯ ಸಲ ವೋಟು ಹಾಕಿದ್ದು ಇಂಚರ ಹುಟ್ಟುವುದಕ್ಕೂ ಮುಂಚೆ, ಬೆಂಗಳೂರಿನ ನಮ್ಮ ಬಡಾವಣೆಯ ಶಾಲೆಯಲ್ಲಿ. ತೆರಿಗೆ ಕಟ್ಟುತ್ತೇವೆ, ಹುಲ್ಲು ಕತ್ತರಿಸುತ್ತೇವೆ, ನವೆಂಬರಿನಲ್ಲಿ ಪಕ್ಕದ ಮನೆಯವರ ಅಂಗಳದ ಬೋರ್ಡುಗಳನ್ನು ಓದಿಕೊಂಡು ಹೋಗುತ್ತೇವೆ. ಎರಡು ದೇಶದ ನಡುವೆ ಯಾರ ಎಣಿಕೆಗೂ ಸಿಗದ ಮಂದಿ ನಾವು. ಹಿಟ್ಟಿನ ಡಬ್ಬಿಯೇ ಆಗಲಿ, ನಮ್ಮದೊಂದು ಚೀಟಿ ಹಾಕಿಸಿಕೊಳ್ಳಲು ಒಂದು ಡಬ್ಬಿ ಇದೆ ಎಂದಾಗ ಎಲ್ಲರೂ ಬಂದು ನಿಂತಿದ್ದರು. ಅಕ್ಕೋರು ಕಿಟಕಿಯ ಬಳಿ ಎರಡು ನಿಮಿಷ ನಿಂತು, ಕಣ್ಣೊರೆಸಿಕೊಂಡು, ಡಬ್ಬಿಯ ಮುಚ್ಚಳ ಹಾಕಿ ಅರಗಿನ ಬದಲು ಟೇಪು ಸುತ್ತಿದರು.

ಶಾಯಿಯ ಬದಲು ಮೆಹೆಂದಿ. ಎಡಗೈ ತೋರುಬೆರಳಿಗೆ ಒಂದು ಗೆರೆ. ಗಂಡಸರು ಮೊದಲು ನಾಚಿಕೊಂಡರು, ಆಮೇಲೆ ಬೆರಳೆತ್ತಿ ಸೆಲ್ಫಿ ತೆಗೆದುಕೊಂಡರು. ಸಂಜೆ ನಾಲ್ಕಕ್ಕೆ ಮುಗಿಸಿ ಡಬ್ಬಿ ಸುರಿದು ಎಣಿಸಿದಾಗ ನಮ್ಮ ಕ್ಷೇತ್ರದಲ್ಲಿ ನನಗೆ ಇಪ್ಪತ್ತನಾಲ್ಕು, ಶ್ರೀಧರರಿಗೆ ಇಪ್ಪತ್ತೆರಡು. ಶಾಲೆ ಉಳಿಯಿತು ಎಂದು ತಾಯಂದಿರು ನನ್ನನ್ನು ತಬ್ಬಿಕೊಂಡರು. ಶ್ರೀಧರ್ ಬಂದು ಕೈ ಕುಲುಕಿ, "ಕಂಗ್ರಾಟ್ಸ್ ರೀ" ಎಂದು ಹೇಳಿ ಮನೆಗೆ ಹೋದರು. ಉಳಿದವರೂ ಹೊರಟರು.

ನಾನು ಕುರ್ಚಿ ಮಡಚಿಡುತ್ತಿದ್ದೆ. ಅಕ್ಕೋರು ಮೂಲೆಯ ಮೇಜಿನಲ್ಲಿ ಸಹಿಯ ಪುಸ್ತಕ ತೆರೆದು ತಾಳೆ ನೋಡುತ್ತಿದ್ದರು. ಮತ್ತೆ ಮತ್ತೆ ನೋಡಿದರು. ಹಳದಿ ಪಟ್ಟಿಯಲ್ಲಿ ಸಹಿ ಹಾಕಿದವರು ನಲವತ್ತಮೂರು. ಹಳದಿ ಚೀಟಿ ನಲವತ್ತಾರು.

ಅವರು ಎದ್ದು ಹೋಗಿ ಡಬ್ಬಿಯಿಂದ ಬಿದ್ದ ಕಸದಲ್ಲಿ ಹುಡುಕಿ, ದುಂಡಗೆ ಕತ್ತರಿಸಿದ ಒಂದು ಕಾಗದ ಎತ್ತಿದರು. ಅಂಗಡಿಯಿಂದ ಬರುವ ಜಾಹೀರಾತು. ಒಂದು ಕಡೆ ಟರ್ಕಿ ಕೋಳಿಯ ಚಿತ್ರ. ನಮ್ಮ ಯಾವ ಹೆಂಗಸು ಹಿಟ್ಟಿನ ಡಬ್ಬಿಯ ತಳಕ್ಕೆ ಕಾಗದ ಹಾಸದೆ ಇದ್ದಾಳೆ? ಅಕ್ಕೋರೂ ಡಬ್ಬಿ ತೊಳೆದು ಒರೆಸಿ, ಕೈ ರೂಢಿಯಿಂದ ತಳಕ್ಕೆ ಕಾಗದ ಬಿಗಿಯಾಗಿ ಕೂರಿಸಿಬಿಟ್ಟಿದ್ದರು. ಅಣಕು ಮತದಾನದ ಮೂರು ಚೀಟಿ ಅದರ ಅಂಚಿನಿಂದ ಕೆಳಗೆ ಜಾರಿವೆ. ಬೆಳಿಗ್ಗೆ ಬೋರಲು ಹಾಕಿದಾಗ ಕಾಗದ ಕದಲಲಿಲ್ಲ. ದಿನವಿಡೀ ಚೀಟಿಗಳಿಗೆ ಜಾಗ ಮಾಡಲು ಡಬ್ಬಿ ಕುಲುಕಿ ಕುಲುಕಿ ಅದು ಸಡಿಲಾಗಿ, ಸಂಜೆ ಎಲ್ಲದರ ಜೊತೆ ಸುರಿದಿದೆ. ಎಲ್ಲ ಚೀಟಿಯ ಹಿಂದೆಯೂ ಅವರದೇ ಸಹಿ. ಯಾವುದು ಮಕ್ಕಳದು, ಯಾವುದು ಮತದಾರರದು ಎಂದು ಹೇಳುವಂತಿರಲಿಲ್ಲ.

"ಗೆದ್ದದ್ದು ಎರಡರಿಂದ. ಹೆಚ್ಚಿರೂದು ಮೂರು. ಈ ಎಣಿಕಿ ನಿಲ್ಲೂದಿಲ್ಲ" ಎಂದರು.

"ಅಕ್ಕೋರೇ, ಯಾರಿಗೂ ಗೊತ್ತಾಗಿಲ್ಲ. ಶ್ರೀಧರ್ ಕೂಡ ಒಪ್ಕೊಂಡು ಹೋದ್ರು."

"ನನಗ ಗೊತ್ತಾಗೇದಲ್ಲ."

"ಮತ್ತೆ ಮಾಡಿ ನಾನು ಸೋತ್ರೆ ನಿಮ್ಮ ಶಾಲೆನೇ ಹೋಗುತ್ತೆ. ಮಕ್ಕಳ ಬಗ್ಗೆ ಯೋಚ್ನೆ ಮಾಡಿ."

ಅವರು ಟರ್ಕಿ ಕೋಳಿಯ ಕಾಗದವನ್ನು ಮಡಚಿ ಸಹಿಯ ಪುಸ್ತಕದೊಳಗೆ ಇಟ್ಟರು. "ಸುಳ್ಳು ಎಣಿಕಿ ಮ್ಯಾಲ ಉಳಿದ ಸಾಲ್ಯಾಗ ನಿಂತು ನಾ ಆ ಮಕ್ಕಳಿಗೆ ಏನ್ ಕಲಿಸ್ಲೆವ್ವಾ?" ಎಂದರು.

ಅವತ್ತೇ ಕೂಟದ ವಾಟ್ಸಾಪ್ ಗುಂಪಿಗೆ ಬರೆದರು. ತಪ್ಪು ನನ್ನದು, ಸಾಲು ನೋಡಿ ಖುಷಿಯಾಗಿ ಚೀಟಿ ಎಣಿಸುವುದನ್ನು ಮರೆತೆ, ಹಳದಿ ಕ್ಷೇತ್ರಕ್ಕೆ ಮುಂದಿನ ಶನಿವಾರ ಮರುಮತದಾನ. ಅಷ್ಟೇ. ಇಷ್ಟು ವರ್ಷದಲ್ಲಿ ಒಂದು ಮತಗಟ್ಟೆಯಲ್ಲೂ ಮರುಮತದಾನ ಮಾಡಿಸಿಕೊಳ್ಳದವರು, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಯಾರೂ ಕೇಳದೆ, ತಾವೇ ಮಾಡಿಸಿಕೊಂಡರು. ಇದನ್ನು ಈಗ ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಅವತ್ತು ನನಗೆ ಬಂದದ್ದು ಬರೀ ಸಿಟ್ಟು.

ಮರುಮತದಾನದ ದಿನ ಮೆಹೆಂದಿ ಮಧ್ಯದ ಬೆರಳಿಗೆ ಬಿತ್ತು. ಹಳೆಯ ಗೆರೆ ತೋರುಬೆರಳಲ್ಲಿ ಇನ್ನೂ ಮಾಸಿರಲಿಲ್ಲ; ಮತ್ತೆ ಹಾಕಿದರೆ ಮಧ್ಯದ ಬೆರಳಿಗೇ ಎಂಬುದು ನಿಯಮ ಎಂದರು. ನನ್ನ ಗಂಡ ಆಫೀಸಿನ ಕೆಲಸಕ್ಕೆ ಅಟ್ಲಾಂಟಾಕ್ಕೆ ಹೋಗಿದ್ದವರು ಬೆಳಿಗ್ಗೆಯೇ ಅಲ್ಲಿಂದ ಹೊರಟಿದ್ದರು. ಶಾರ್ಲೆಟ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ನಾನು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ನಾಲ್ಕು ಹೊಡೆಯಿತು. ಅಕ್ಕೋರು ಅಂಗೈ ನೋಡಿಕೊಂಡು, ಸಾಲಿನ ತುದಿಗೆ ನಡೆದು, ಕೊನೆಯಲ್ಲಿದ್ದ ಮುದುಕರೊಬ್ಬರಿಗೆ ಒಂದನೇ ಚೀಟಿ ಕೊಟ್ಟು ಮುಂದೆ ಬಂದರು. ನಾಲ್ಕೂ ಮೂರಕ್ಕೆ ನನ್ನ ಗಂಡ ಕಾರಿನ ಬಾಗಿಲು ಹಾಕದೆ ಓಡಿಬಂದರು.

"ಅಕ್ಕೋರೇ, ಮೂರೇ ನಿಮಿಷ. ಆರು ಗಂಟೆ ಡ್ರೈವ್ ಮಾಡ್ಕೊಂಡ್ ಬಂದಿದೀನಿ."

"ಗೊತ್ತದಪ್ಪಾ. ನೀರು ಕುಡಿ. ಆದ್ರ ವೋಟಿಲ್ಲ."

ಶ್ರೀಧರರಿಗೆ ಇಪ್ಪತ್ತಮೂರು, ನನಗೆ ಇಪ್ಪತ್ತೆರಡು. ನನ್ನ ಗಂಡನ ವೋಟು ಬಿದ್ದಿದ್ದರೆ ಸಮ ಆಗಿ ಚೀಟಿ ಎತ್ತಬೇಕಾಗುತ್ತಿತ್ತು. ಅವರು ಸಿಟ್ಟಿನಿಂದ ಹೋಗಿ ಕಾರಿನಲ್ಲಿ ಕೂತರು. ನಾನು ಬ್ಯಾಗು ತುಂಬಿಕೊಳ್ಳುತ್ತಿದ್ದಾಗ ಅಕ್ಕೋರು ಶ್ರೀಧರರಿಗೆ ಗೆದ್ದ ಪತ್ರ ಕೊಡುತ್ತ ಹೇಳಿದ್ದು ಕಿವಿಗೆ ಬಿತ್ತು: "ಈ ಪಟ್ಟಿಯೊಳಗ ಐವತ್ತೊಂದು ಹೆಸರದಾವ. ನಿಮಗ ಹಾಕಿದವ್ರು ಇಪ್ಪತ್ಮೂರು. ಆದ್ರ ಐವತ್ತೊಂದು ಮಂದಿಗೂ ನೀವ ಮೆಂಬರ್ರು. ಹೊರಗ ಕಾರಿನ್ಯಾಗ ಸಿಟ್ ಮಾಡ್ಕೊಂಡು ಕುಂತವ್ರಿಗೂ." ನಾನು ತಿರುಗಿಯೂ ನೋಡದೆ ಹೊರಟೆ.

ಐವರ ಕಮಿಟಿ ಸೇರಿತು. ಶ್ರೀಧರರ ಪಂಗಡದ ಮೂವರ ಬೆಂಬಲದಿಂದ ಏಪೆಕ್ಸಿನ ಮೆಂಬರು ಅಧ್ಯಕ್ಷರಾದರು. ಶಾಲೆಯ ವರ್ಷ ಮುಗಿದ ಮೇಲೆ ಕೋಣೆ ಬಿಡುವ ಠರಾವನ್ನು ಮುಂದಿನ ಸಭೆಗೆ ಇಟ್ಟರು. ಈ ನಡುವೆ ಶ್ರೀಧರ್ ಒಂದು ಶನಿವಾರ ಶಾಲೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು ಎಂದು ಇಂಚರ ಹೇಳಿದಳು. ಏನು ಮಾಡಿದರು ಅಂತ ಕೇಳಿದೆ. "ಹಿ ಜಸ್ಟ್ ಲಿಸನ್ಡ್" ಅಂದಳು.

ಆ ದಿನ ಮಕ್ಕಳು ಮಾನಿಟರನ್ನು ಆರಿಸುತ್ತಿದ್ದರಂತೆ. ಪ್ರತಿ ಶನಿವಾರ ಬಾಯಿ ಬಿಟ್ಟು ಓದಿ ಎಂದು ಗದರುವ ಅಕ್ಕೋರು ಅವತ್ತು ಚೀಟಿ ಹಂಚಿ, "ಜಗತ್ತಿನ್ಯಾಗ ಇದೊಂದನ್ನ ಮಾತ್ರ ಬಾಯಿ ಮುಚ್ಚಿ ಓದ್ರಿ. ಯಾರಿಗೆ ಹಾಕಿದಿ ಅಂತ ಯಾರೂ ಕೇಳಬಾರದು, ಕೇಳಿದ್ರೂ ಹೇಳಬಾರದು" ಎಂದರಂತೆ. ಇಪ್ಪತ್ತೆಂಟು ಮಕ್ಕಳು ತುಟಿ ಬಿಗಿಹಿಡಿದು, ಬೆರಳಿಟ್ಟುಕೊಂಡು, ಕನ್ನಡದ ಹೆಸರುಗಳನ್ನು ಓದಿದವು.

ಠರಾವು ಮತಕ್ಕೆ ಬಂದಾಗ ಶ್ರೀಧರ್ ಅದರ ವಿರುದ್ಧ ಕೈ ಎತ್ತಿದರು. ಮೂರಕ್ಕೆ ಎರಡು, ಠರಾವು ಬಿತ್ತು. ಅಧ್ಯಕ್ಷರ ಮುಖ ಕೆಂಪಾಗಿ, ಹಾಗಾದರೆ ನನ್ನ ಮೇಲೆ ವಿಶ್ವಾಸ ಇಲ್ಲವೇ, ಅದನ್ನೂ ಮತಕ್ಕೆ ಹಾಕಿ ಎಂದರು. ಅದಕ್ಕೂ ಕೈ ಎತ್ತಿಸಿದರು. ಶ್ರೀಧರ್ ಈ ಸಲ ಅಧ್ಯಕ್ಷರ ಪರ. ಸರಕಾರ ಉಳಿಯಿತು, ಶಾಲೆಯೂ ಉಳಿಯಿತು. ಪುಸ್ತಕದಲ್ಲಿ ಓದಿದ್ದ ವಿಶ್ವಾಸಮತ ಎಂಬುದನ್ನು ನಾನು ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಂಡೆ.

ಆ ಭಾನುವಾರ ಇಂಡಿಯನ್ ಗ್ರೋಸರಿಯಲ್ಲಿ ಕೊತ್ತಂಬರಿ ಸೊಪ್ಪಿನ ರಾಶಿಯ ಮುಂದೆ ಶ್ರೀಧರ್ ಸಿಕ್ಕರು. ಯಾಕೆ ಹಾಗೆ ಮಾಡಿದಿರಿ ಎಂದು ನೇರವಾಗಿಯೇ ಕೇಳಿದೆ.

"ನಾನು ಸುಮ್ನೆ ಸೋತು ಮನೆಗೆ ಹೋಗಿದ್ನಲ್ರೀ. ನನ್ನ ವೋಟನ್ನ ವಾಪಸ್ ತಂದುಕೊಟ್ಟಿದ್ದು ಅವ್ರು, ಅದೂ ತಮ್ಮ ಶಾಲೆ ಹೋದ್ರೂ ಪರವಾಗಿಲ್ಲ ಅಂತ. ಅಂಥವರು ಏನ್ ಕಲಿಸ್ತಾರೆ ಅಂತ ಒಂದ್ಸಲ ನೋಡೋಣ ಅಂತ ಹೋದೆ. ಆಮೇಲೆ, ನಿಮಗೆ ಹಾಕಿದ ಇಪ್ಪತ್ತೆರಡು ಜನಕ್ಕೂ ನಾನೇ ಮೆಂಬರ್ ಅಲ್ವಾ?"

ನಾನು ಅಲ್ಲಿಂದ ಸೀದಾ ಅಕ್ಕೋರ ಮನೆಗೆ ಹೋದೆ. ಕೈಯಲ್ಲಿ ಕೊತ್ತಂಬರಿ ಸೊಪ್ಪು ಬಿಟ್ಟರೆ ಕೊಡಲು ಬೇರೆ ಏನೂ ಇರಲಿಲ್ಲ. ಬಾಗಿಲು ತೆಗೆದವರು ನನ್ನನ್ನು ನೋಡಿ, ಅಂಗೈ ತಿರುಗಿಸಿ ಗಡಿಯಾರ ನೋಡಿಕೊಂಡರು. ನನಗೆ ಅಳು ಬಂತು.

"ಮೂರು ತಿಂಗಳು ತಡಾ ಮಾಡಿದಿ. ಬಾ ಒಳಗ. ಮನ್ಯಾಗ ನಾಕ ಗಂಟೆ ಅಂತ ಏನಿಲ್ಲ" ಎಂದರು.

ಎರಡು ವರ್ಷ ಕಳೆದು ಮತ್ತೆ ನಿಂತೆ, ಗೆದ್ದೆ. ಶ್ರೀಧರ್ ನಿಲ್ಲಲಿಲ್ಲ, ಹೊರಗೆ ಬಂದು "ನಿಮಗೇ ಹಾಕಿದೆ ರೀ" ಎಂದು ನನಗೆ ಹೇಳುತ್ತಿದ್ದಾಗ ಅಕ್ಕೋರ ಕಿವಿಗೆ ಬಿದ್ದು, ಐವತ್ತು ದಾಟಿದ ಮನುಷ್ಯ ಮಕ್ಕಳೆದುರೇ ಬೈಸಿಕೊಂಡರು. ನನ್ನ ಗಂಡ ಆ ಸಲ ಬೆಳಿಗ್ಗೆ ಎಂಟಕ್ಕೇ ಕ್ಯಾಂಪಿಂಗ್ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದರು.

ಈ ವರ್ಷದ ಕೊರೆಯುವ ಚಳಿಯ ಜನವರಿಯಲ್ಲಿ ಅಕ್ಕೋರು ಹೋದರು. ಮೂರನೇ ಚುನಾವಣೆಗೆ ಅಧಿಕಾರಿ ಯಾರು ಎಂಬ ಪ್ರಶ್ನೆ ಬಂದಾಗ ಎರಡೂ ಪಂಗಡದವರು ನನ್ನ ಹೆಸರು ಹೇಳಿದರು. ಚಪ್ಪಾಳೆ ತಟ್ಟಲು ಹೋದವರನ್ನು ತಡೆದು, ಕೈ ಎತ್ತಿಸಿ ಎಣಿಸಿದೆ. ಹೋದ ತಿಂಗಳು ಆ ಶನಿವಾರ ಬೆಳಿಗ್ಗೆ ಡಬ್ಬಿ ತೊಳೆದೆ, ತಳಕ್ಕೆ ಏನೂ ಹಾಸಲಿಲ್ಲ. ಬೋರಲು ಹಾಕಿ ತಟ್ಟಿ ತೋರಿಸಿದ್ದಲ್ಲದೆ, ಅಭ್ಯರ್ಥಿಗಳೆಲ್ಲ ಒಳಗೆ ಕೈ ಹಾಕಿ ತಳ ಮುಟ್ಟಿಯೇ ಸಹಿ ಹಾಕಬೇಕೆಂದೆ. ಅಣಕು ಮತದಾನದ ಚೀಟಿಗಳನ್ನು ಎರಡು ಸಲ ಎಣಿಸಿದೆ. ಸಾಲು ಪಾರ್ಕಿಂಗ್ ಲಾಟ್ ದಾಟಿತ್ತು. ನನಗೂ ಕಣ್ಣು ತುಂಬಿತು, ಆದರೆ ಎಣಿಕೆ ಬಿಡಲಿಲ್ಲ.

ನಾಲ್ಕು ಗಂಟೆಗೆ ಅಂಗೈ ನೋಡಿಕೊಂಡೆ. ಹೌದು, ನಾನೂ ಗಡಿಯಾರವನ್ನು ಒಳಗೆ ತಿರುಗಿಸಿ ಕಟ್ಟಿಕೊಂಡಿದ್ದೆ. ಸಾಲಿನ ತುದಿಗೆ ನಡೆದೆ. ಕಟ್ಟಕಡೆಯಲ್ಲಿ, ಸಾಕರ್ ಪ್ರಾಕ್ಟೀಸಿನಿಂದ ಓಡಿಬಂದು ಏದುಸಿರು ಬಿಡುತ್ತ ಇಂಚರ ನಿಂತಿದ್ದಳು. ಅವಳಿಗೆ ಈಗ ಹದಿನೆಂಟು. ಇನ್ನು ಮುಂದೆ ಈ ದೇಶದಲ್ಲೂ ಅವಳಿಗೆ ವೋಟಿದೆ. ನಮ್ಮ ಮನೆಯಲ್ಲಿ ಅದು ಇರುವುದು ಅವಳೊಬ್ಬಳಿಗೇ. ಆದರೆ ಮೊದಲ ವೋಟು ಅಕ್ಕೋರ ಡಬ್ಬಿಗೆ. ಒಂದನೇ ನಂಬರಿನ ಚೀಟಿ ಅವಳ ಕೈಗೆ ಕೊಟ್ಟೆ. ಒಂದು ನಿಮಿಷ ತಡವಾಗಿದ್ದರೆ ಕೊಡುತ್ತಿರಲಿಲ್ಲ. ಅದನ್ನು ನೆನೆಸಿಕೊಂಡಾಗ ನನ್ನ ಗಂಡನಿಗೆ ನೀರು ಕುಡಿ ಎಂದ ಅಕ್ಕೋರ ದನಿ ನೆನಪಾಯಿತು. ಅವತ್ತು ಅವರಿಗೆ ಎಷ್ಟು ನೋವಾಗಿರಬೇಕು ಎಂದು ನಾಲ್ಕು ವರ್ಷದ ಮೇಲೆ ಮೊದಲ ಸಲ ಯೋಚಿಸಿದೆ.

ಗುಟ್ಟಾಗಿ ಗುರುತು ಹಾಕಲೆಂದು ಮರೆಯಾಗಿ ನಿಲ್ಲಿಸಿದ್ದ ಟಿವಿಯ ರಟ್ಟಿನ ಡಬ್ಬದ ಹಿಂದೆ ಇಂಚರ ಬಹಳ ಹೊತ್ತು ನಿಂತಳು. ಅಕ್ಷರ ಅಕ್ಷರವಾಗಿ ಓದುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು, ಒಂದು ಸದ್ದೂ ಬರಲಿಲ್ಲ. ಹೊರಗೆ ಬಂದು ಮತಪತ್ರವನ್ನು ನಾಲ್ಕಾಗಿ ಮಡಚಿ ಸೀಳಿನಲ್ಲಿ ಇಳಿಬಿಟ್ಟಳು. ಆಮೇಲೆ ನಾನೂ ಎಣಿಕೆಗೆ ನೆರವಾಗಲು ಬಂದಿದ್ದ ನನ್ನ ಗೆಳತಿಯೊಬ್ಬಳೂ ಕೂತು ತಾಳೆ ನೋಡಿದೆವು. ಸಹಿ ಇನ್ನೂರ ಹನ್ನೆರಡು, ಚೀಟಿ ಇನ್ನೂರ ಹನ್ನೆರಡು. ಡಬ್ಬಿಯನ್ನು ತಬ್ಬಿಕೊಂಡೆ.

ಮನೆಗೆ ಹೋಗುವಾಗ ಕಾರಿನಲ್ಲಿ ನಾವಿಬ್ಬರೇ. ಡಬ್ಬಿ ಅವಳ ತೊಡೆಯ ಮೇಲಿತ್ತು. ದಿನವಿಡೀ ನಿಯಮದ ಪ್ರಕಾರ ನಡೆದುಕೊಂಡವಳು ನಾನು, ಆದರೆ ತಾಯಿಯೂ ಹೌದಲ್ಲ. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿದಾಗ ತಡೆಯಲಾಗಲಿಲ್ಲ.

"ಯಾರಿಗೆ ಹಾಕ್ದೆ?" ಎಂದು ಕೇಳಿಯೇಬಿಟ್ಟೆ.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನನ್ನ ಮಗಳು, ಮೆಹೆಂದಿಯ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಹಂಗ ಕೇಳಬಾರದ್ರೀ, ಅಮ್ಮಾ" ಅಂದಳು.

ಸಿಗ್ನಲ್ ಹಸಿರಾಗಿತ್ತು. ಹಿಂದಿನ ಕಾರಿನವರು ಹಾರ್ನ್ ಹೊಡೆಯುವ ತನಕ ನಾನು ಗಾಡಿ ಎತ್ತಲಿಲ್ಲ.